ಬೇಲಿಯ ಚೆಲುವು, ನೆರೆಮನೆಯ ಬೆಕ್ಕು

‘ನನ್ನ ಅಂಗಳ, ನನ್ನ ಗಿಡ, ನೆರೆಮನೆಯ ಬೆಕ್ಕು ಬಂದು ಕಚ್ಚಿದರೆ ನಾನೇನು ಮಾಡಲಿ?’ ಚಾಮರಾಜನಗರದ ಹೊಸ ಬಡಾವಣೆಗಳಲ್ಲಿಯೂ ಗುಂಡ್ಲುಪೇಟೆಯ ತೋಟದ ಮನೆಗಳಲ್ಲಿಯೂ ಕೇಳಿಬರುವ ಈ ವಾದವನ್ನು ಒಪ್ಪಲಾಗದು. ಲಂಟಾನವೂ ಅಲಂಕಾರದ ಗಿಡವಾಗಿಯೇ 19ನೆಯ ಶತಮಾನದಲ್ಲಿ ಕಲ್ಕತ್ತೆಯ ಉದ್ಯಾನಕ್ಕೆ ಬಂದಿತು. ಇಂದು ಅದು ಬಂಡೀಪುರವನ್ನೂ ಬಿಳಿಗಿರಿರಂಗನ ಬೆಟ್ಟವನ್ನೂ ಮುತ್ತಿದೆ. ಮೇದ ದನಗಳ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ನೆಟ್ಟವರಾರೋ, ನೋಯುವವರಾರೋ!

ಕುಂಡದಲ್ಲಿ ಬೆಳೆಸುವ ಲಿಲಿಯಂ ಜಾತಿಯ ಲಿಲ್ಲಿಯನ್ನು ನೋಡಿ. ಎಲೆ, ಹೂವು, ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಮೂತ್ರಪಿಂಡಗಳಿಗೆ ಮಾರಕ. ಗಿಡವನ್ನು ತಿನ್ನಲೇಬೇಕೆಂದಿಲ್ಲ, ಬೆಕ್ಕು ನಾಲಿಗೆಯಿಂದಲೇ ಮೈ ತೊಳೆಯುವ ಪ್ರಾಣಿ, ಕೂದಲಿಗಂಟಿದ ಪರಾಗವೇ ಸಾಕು. ಮೊದಲು ವಾಂತಿ, ಬಳಿಕ ಮಂಕು, ಕೆಲವೇ ದಿನಗಳಲ್ಲಿ ಸಾವು. ಮನೆಯವರು ಹಾವನ್ನೋ ಇಲಿಪಾಷಾಣವನ್ನೋ ಶಂಕಿಸುತ್ತಾರೆ, ಹೂವನ್ನು ಶಂಕಿಸುವವರಿಲ್ಲ. ವಾಂತಿಗಾಗಿ ಕಾಯದೆ, ಲಿಲ್ಲಿ ಸೋಕಿದುದು ತಿಳಿದೊಡನೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಕಣಗಿಲೆಯ ವಿಷ ಹೃದಯಕ್ಕೆ, ಸೈಕಸ್‌ನದು ಯಕೃತ್ತಿಗೆ. ದೇವರಿಗೇರುವ ಕಣಗಿಲೆಯನ್ನು ಕೀಳಿರೆಂದು ನಾನು ಹೇಳುತ್ತಿಲ್ಲ. ಸವರಿದ ಕೊಂಬೆಗಳನ್ನು ಬೀದಿಗೆಸೆಯಬೇಡಿರೆಂದಷ್ಟೇ ಕೋರಿಕೆ. ಲಿಲ್ಲಿಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಬೆಕ್ಕಿಗೆ ಬೇಲಿಯಿಲ್ಲ, ರಾಗಿಯ ಚೀಲಗಳನ್ನು ಇಲಿಗಳಿಂದ ಕಾಯುವಾಗ ಅದು ಯಾರ ಮನೆಯದೆಂದು ನಾವು ಕೇಳಿದ್ದುಂಟೇ? ಮಲ್ಲಿಗೆಯಿದೆ, ಗುಲಾಬಿಯಿದೆ, ಬೆಕ್ಕಿಗೆ ಹಾನಿಮಾಡದ ಚೆಲುವಿಗೆ ಬರವಿಲ್ಲ.

ಕುಂಡಕ್ಕೆ ಬೆಲೆಯ ಚೀಟಿ ಅಂಟಿಸುವ ನರ್ಸರಿಗಳು ವಿಷದ ಎಚ್ಚರಿಕೆಯನ್ನೂ ಅಂಟಿಸಲಿ. ವಿದ್ಯಾರ್ಥಿಗಳು ಮೊದಲು ತಮ್ಮ ಶಾಲೆಯ ಕೈತೋಟವನ್ನೇ ಪರೀಕ್ಷಿಸಲಿ.