ದೃಢೀಕರಣಕ್ಕೆ ಮಕ್ಕಳ ಸ್ವಂತ ಸಹಿ

ಅಪ್ರಾಪ್ತ ವಯಸ್ಸಿನ ಮಗುವಿನ ಹೆಸರಿನಲ್ಲಿ ಹಿರಿಯರು ಬ್ಯಾಂಕಿನಲ್ಲಿ ಖಾತೆ ತೆರೆಯುವುದುಂಟು. ಆ ಮಗುವಿಗೆ 18 ವರ್ಷ ತುಂಬಿದಾಗ ಬ್ಯಾಂಕು ಹೊಸದಾಗಿ ಮಾದರಿ ಸಹಿಯನ್ನು ಪಡೆಯುತ್ತದೆ. ಖಾತೆ ಹಳೆಯದೇ, ಹೊಣೆ ಮಾತ್ರ ಕೈ ಬದಲಾಯಿಸುತ್ತದೆ. ಕಥೋಲಿಕ ಕುಟುಂಬಗಳಲ್ಲಿ ಹಸುಗೂಸಿನ ಜ್ಞಾನಸ್ನಾನದ ವೇಳೆ ವಿಶ್ವಾಸದ ಪ್ರಶ್ನೆಗಳಿಗೆ ಉತ್ತರ ಕೊಡುವವರು ಹಿರಿಯರೇ. ಮುಂದೆ ಅದೇ ಉತ್ತರವನ್ನು ಮಕ್ಕಳು ತಮ್ಮ ಬಾಯಿಂದಲೇ ಕೊಡುವ ಸಂದರ್ಭ ದೃಢೀಕರಣ ಸಂಸ್ಕಾರ.

ಈ ಸಂಸ್ಕಾರದಲ್ಲಿ ಧರ್ಮಾಧ್ಯಕ್ಷರು, ಅಥವಾ ಅಧಿಕಾರ ಪಡೆದ ಗುರುಗಳು, ಅಭ್ಯರ್ಥಿಯ ಹಣೆಗೆ ಪವಿತ್ರ ತೈಲವನ್ನು ಲೇಪಿಸಿ ಪವಿತ್ರಾತ್ಮರ ವರದ ಮುದ್ರೆಯನ್ನೊತ್ತುತ್ತಾರೆ. ಈ ವಿಧಿಯನ್ನು ಪರಿಷ್ಕರಿಸಬೇಕೆಂದು 2ನೇ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸೂಚಿಸಿತು. 1971ರಲ್ಲಿ ಪೋಪ್ 6ನೇ ಪೌಲರು ಹೊಸ ವಿಧಿಗೆ ಒಪ್ಪಿಗೆಯಿತ್ತರು. ಅದರಂತೆ ತೈಲಾಭಿಷೇಕಕ್ಕೆ ಮುನ್ನ ಜ್ಞಾನಸ್ನಾನದ ವಾಗ್ದಾನಗಳು ನವೀಕರಣಗೊಳ್ಳುತ್ತವೆ. ದೈವಕೃಪೆಯು ಪರೀಕ್ಷೆಯಲ್ಲಿ ಗಳಿಸುವ ಅಂಕವಲ್ಲ, ನಿಜ. ಆದರೆ ವಾಗ್ದಾನ ಮಾಡುವವರಿಗೆ ಅದರ ಅರ್ಥವಾದರೂ ತಿಳಿದಿರಬೇಕಲ್ಲವೆ?

ಮುಂಬಯಿಯಲ್ಲಿ ಈ ಸಿದ್ಧತೆ ನಡೆಯುವುದು ಸಾಮಾನ್ಯವಾಗಿ ಹೈಸ್ಕೂಲಿನ ವರ್ಷಗಳಲ್ಲಿ. ಟ್ಯೂಷನ್ ಕ್ಲಾಸುಗಳ ಒತ್ತಡವೂ ಆಗಲೇ. ತಮ್ಮ ಬಿಡುವಿನ ಭಾನುವಾರವನ್ನು ಧರ್ಮೋಪದೇಶಕ್ಕೆ ಮುಡಿಪಾಗಿಡುವ ಶಿಕ್ಷಕ ಶಿಕ್ಷಕಿಯರ ಶ್ರಮ ಸ್ತುತ್ಯರ್ಹ. ಆದರೆ ಮಕ್ಕಳು ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಮಾಡಿ, ಹಾಜರಿ ಪೂರೈಸಿ, ಹೊಸ ಉಡುಪಿನಲ್ಲಿ ಭಾವಚಿತ್ರ ತೆಗೆಸಿಕೊಂಡಲ್ಲಿಗೆ ಎಲ್ಲವೂ ಮುಗಿಯಿತೆಂದು ಮನೆಯವರು ಭಾವಿಸಿದರೆ, ಆರಂಭವಾಗಬೇಕಾದ ದಿನವೇ ಬೀಳ್ಕೊಡುಗೆಯ ದಿನವಾಗುತ್ತದೆ.

ಅಂಥ ಬೀಳ್ಕೊಡುಗೆಯನ್ನು ತಡೆಯಬಲ್ಲವರು ಮೊದಲು ಮನೆಯವರೇ. ಮಂಗಳೂರು, ಉಡುಪಿ ಕಡೆಯಿಂದ ಬಂದು ಬಾಂದ್ರಾ, ಅಂಧೇರಿ, ಬೊರಿವಲಿಗಳಲ್ಲಿ ನೆಲೆಸಿದ ಮನೆಗಳಲ್ಲಿ ಅಜ್ಜಿಯ ಪ್ರಾರ್ಥನಾ ಪುಸ್ತಕವು ಕನ್ನಡ ಲಿಪಿಯ ಕೊಂಕಣಿಯಲ್ಲಿರುತ್ತದೆ; ಮೊಮ್ಮಗಳ ಧರ್ಮಪಾಠ ಇಂಗ್ಲಿಷಿನಲ್ಲಿ. ವಾರಕ್ಕೊಮ್ಮೆ ಇಬ್ಬರೂ ಒಟ್ಟಿಗೆ ಕುಳಿತು ಒಂದು ಪ್ರಾರ್ಥನೆಯ ಅರ್ಥವನ್ನು ವಿಚಾರಿಸಿದರೆ, ತರಗತಿಯಲ್ಲಿ ಕೇಳಿದ್ದು ಮನೆಯ ಮಾತಾಗುತ್ತದೆ. ಅದೇ ಕಟ್ಟಡದಲ್ಲಿ ಹಾಸಿಗೆ ಹಿಡಿದ ವೃದ್ಧರಿಗೆ ಔಷಧಿ ತಂದುಕೊಡುವುದೂ ಸಿದ್ಧತೆಯ ಭಾಗವೇ. ಏಳು ವರಗಳಲ್ಲಿ ಒಂದಾದ ಧೈರ್ಯದ ಅರ್ಥವು ರೋಗಿಯ ಮಂಚದ ಬಳಿ ತಿಳಿಯುವಷ್ಟು ಪುಸ್ತಕದಲ್ಲಿ ತಿಳಿಯದು.

ಎರಡನೆಯದು ಜ್ಞಾನಪಿತ ಅಥವಾ ಜ್ಞಾನಮಾತೆಯ ಆಯ್ಕೆ. 1983ರ ಧರ್ಮಸಭೆಯ ಕಾನೂನು ಈ ಸ್ಥಾನವನ್ನು ಹೆತ್ತವರಿಗೆ ಕೊಡುವುದಿಲ್ಲ. ಜ್ಞಾನಸ್ನಾನದಲ್ಲಿ ನಿಂತವರೇ ಇಲ್ಲಿಯೂ ನಿಲ್ಲುವುದು ಅಪೇಕ್ಷಣೀಯ ಎನ್ನುತ್ತದೆ. ಅಭ್ಯರ್ಥಿಯು ತನ್ನ ವಿಶ್ವಾಸಕ್ಕೆ ತಕ್ಕಂತೆ ಬಾಳುವಂತೆ ನೋಡಿಕೊಳ್ಳುವುದು ಅವರ ಕರ್ತವ್ಯ. ಹೊಸಬರನ್ನು ಆರಿಸಬೇಕಾಗಿ ಬಂದಾಗ ಅಂತಸ್ತನ್ನೂ ಉಡುಗೊರೆಯನ್ನೂ ನೋಡುವ ಬದಲು, ಮಗು ಕಷ್ಟದಲ್ಲಿರುವಾಗ ಲೋಕಲ್ ರೈಲು ಹತ್ತಿ ಬರಬಲ್ಲವರನ್ನು ನೋಡುವುದು ಉಚಿತ.

ಕೊನೆಯದಾಗಿ, ಹಿರಿಯರಿಗೆ ಕಹಿಯೆನಿಸಬಹುದಾದ ಮಾತೊಂದಿದೆ. ಮಗನೋ ಮಗಳೋ ‘ಈಗಲೇ ಬೇಡ, ನನಗೆ ಇನ್ನೂ ಸಂದೇಹಗಳಿವೆ’ ಎಂದರೆ ‘ಜನ ಏನೆಂದಾರು’ ಎಂದು ಗದರಿಸಿ ಸಾಲಿನಲ್ಲಿ ನಿಲ್ಲಿಸಬಾರದು. ಆ ಸಂದೇಹಗಳಿಗೆ ಕಿವಿಗೊಟ್ಟು ಗುರುಗಳೊಡನೆ ಮಾತನಾಡಲು ಅವಕಾಶ ಮಾಡಿಕೊಡಬೇಕು. ವಯಸ್ಕರಿಗೂ ಈ ಸಂಸ್ಕಾರ ದೊರೆಯುವುದರಿಂದ ತಡವಾದರೆ ಬಾಗಿಲು ಮುಚ್ಚಿಹೋಗುವುದಿಲ್ಲ. ಸಂದೇಹವನ್ನು ಪ್ರಾಮಾಣಿಕವಾಗಿ ಹೇಳಿಕೊಂಡ ಮಗುವು, ಅರ್ಥವರಿಯದೆ ತಲೆಯಾಡಿಸಿದ ಮಗುವಿಗಿಂತ ವಿಶ್ವಾಸಕ್ಕೆ ಹೆಚ್ಚು ಸಮೀಪದಲ್ಲಿರಬಹುದು.

ಕೈಹಿಡಿದು ಬರೆಸಿದ ಸಹಿಯು ಸಹಿಯಲ್ಲ. ಅದನ್ನು ತಾವಾಗಿಯೇ ಬರೆಯುವಷ್ಟು ತಿಳಿವಳಿಕೆಯನ್ನೂ ಸ್ವಾತಂತ್ರ್ಯವನ್ನೂ ಮಕ್ಕಳಿಗೆ ಕೊಡುವುದೇ ನಿಜವಾದ ಸಿದ್ಧತೆ.