ಆಪದ್ಧನಕ್ಕೆ ಯಾರು ಹೊಣೆ?

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಸುತ್ತಿನ ಅಡಿಕೆ ಬೆಳೆಗಾರರು ಮಳೆಗಾಲದ ಮೊದಲಲ್ಲಿ ಪಹಣಿ, ಆಧಾರ್, ಪಾಸ್‌ಬುಕ್ಕುಗಳ ಪ್ರತಿಗಳನ್ನು ಹಿಡಿದು ಸಹಕಾರ ಸಂಘಕ್ಕೋ ಬ್ಯಾಂಕಿಗೋ ಹೋಗಿ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತನ್ನು ಕಟ್ಟಿ ಬರುವುದು ಈಚಿನ ವರ್ಷಗಳಲ್ಲಿ ರೂಢಿಯಾಗಿ ನಿಂತಿದೆ. ಹೆಕ್ಟೇರಿಗೆ 1,28,000 ರೂಪಾಯಿಗಳ ವಿಮಾ ಮೊತ್ತ, ಅದರ ಶೇಕಡ 5ರಂತೆ ರೈತನ ಪಾಲಿನ ಕಂತು 6,400 ರೂಪಾಯಿ ಎಂಬ ಲೆಕ್ಕ ಈ ಸೀಮೆಯ ಗೃಹಸ್ಥರಿಗೆ ಬಾಯಿಪಾಠ. ಮಳೆ ಹೆಚ್ಚಾದರೆ ಎಷ್ಟು, ಕಳೆದ ಸಲ ಪಕ್ಕದ ಪಂಚಾಯತಿಗೆ ಎಷ್ಟು ಬಂತು, ನಮಗೇಕೆ ಅಷ್ಟು ಬರಲಿಲ್ಲ ಎಂದು ಸಂಘದ ಜಗಲಿಯಲ್ಲಿ ನಡೆಯುವ ವಾದವಿವಾದಗಳನ್ನು ಕೇಳಿದವರಿಗೆ, ವಿಮೆಯೆಂಬುದು ಮಲೆನಾಡಿಗೆ ಪರಕೀಯವಾದ ವಿಷಯವೆಂದು ಎಂದಿಗೂ ತೋರಲಾರದು. ಹೀಗಿದ್ದೂ ಅದೇ ಗೃಹಸ್ಥನ ಮನೆಯ ಒಳಕೋಣೆಯ ಕಪಾಟಿನಲ್ಲಿ, ಮಡಿಸಿಟ್ಟ ರೇಷ್ಮೆ ಸೀರೆಗಳ ಹಿಂದೆ, ಅಜ್ಜಿಯ ಅವಲಕ್ಕಿ ಸರ, ತಾಯಿಯ ಬಳೆಗಳು, ಸೊಸೆಯ ನೆಕ್ಲೇಸು, ಪೂಜೆಯ ಬೆಳ್ಳಿ ಪಾತ್ರೆಗಳು ಎಂದು ಕೂಡಿಬಂದಿರುವ ಸಂಪತ್ತು ಬಹಳ ಕಡೆ ತೋಟದ ವಿಮಾ ಮೊತ್ತವನ್ನು ಎಷ್ಟೋ ಪಾಲು ಮೀರುತ್ತಿದ್ದರೂ, ಅದರ ಮೇಲೆ ಸಾಮಾನ್ಯವಾಗಿ ಒಂದು ರೂಪಾಯಿಯ ವಿಮೆಯೂ ಇರುವುದಿಲ್ಲ.

ಈ ಸಂಪತ್ತನ್ನು ಕೇವಲ ಅಲಂಕಾರವೆಂದು ತಿಳಿಯುವುದು ತಪ್ಪಾದೀತು. ಹಳದಿ ಎಲೆ ರೋಗದಿಂದ ತೋಟಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸಿದಾಗ, ಅದರ ಮೇಲೆ ಎಲೆಚುಕ್ಕಿ ರೋಗವೂ ಬಂದು ಎರಗಿದಾಗ, ಮಗಳ ಶಾಲಾ ಶುಲ್ಕಕ್ಕೋ ಮನೆಯ ಹಿರಿಯರ ಶಸ್ತ್ರಚಿಕಿತ್ಸೆಗೋ ಹಣ ಒದಗಿದ್ದು ಅಡಿಕೆಯಿಂದಲ್ಲ. ಸಂಘದ ಕೌಂಟರಿನ ಮೇಲೆ ಅಡವಿಟ್ಟ ಸರದಿಂದ. ಬೆಳೆ ಕೈಕೊಟ್ಟ ವರ್ಷ ಮನೆಯನ್ನು ಎತ್ತಿ ಹಿಡಿಯತಕ್ಕ ಆಪದ್ಧನವೆಂದೇ ನಮ್ಮ ಹೆಂಗಸರು ಚಿನ್ನವನ್ನು ಕಾಸಿಗೆ ಕಾಸು ಕೂಡಿಸಿ ಮಾಡಿಸಿಕೊಂಡಿದ್ದಾರೆ. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿಯನ್ನು ಮುಟ್ಟಿದ ಮೇಲಂತೂ, ಹಿಂದೆ ಸಾಧಾರಣವೆನಿಸಿದ್ದ ಪೆಟ್ಟಿಗೆಯೊಂದು ತನ್ನಷ್ಟಕ್ಕೆ ತಾನೇ ಒಂದು ದೊಡ್ಡ ಆಸ್ತಿಯಾಗಿ ಪರಿಣಮಿಸಿದೆ. ಬೆಲೆ ಬೆಳೆಯಿತು, ರಕ್ಷಣೆ ಬೆಳೆಯಲಿಲ್ಲ. ಆಪತ್ಕಾಲಕ್ಕೆಂದು ಇಟ್ಟ ಧನಕ್ಕೇ ಆಪತ್ತು ಬಂದರೆ ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ.

ಧನಾಪಹಾರದ ಭಯ ಈ ಸೀಮೆಗೆ ಹೊಸದಲ್ಲ. 1791ರಲ್ಲಿ ಮರಾಠಾ ಸೈನ್ಯದ ಸಂಗಡ ಬಂದ ಪಿಂಡಾರಿಗಳು ಶೃಂಗೇರಿಯ ಮಠವನ್ನು ಸೂರೆಗೊಂಡುದೂ, ಜಗದ್ಗುರುಗಳಿಂದ ಆ ವಾರ್ತೆಯನ್ನು ತಿಳಿದ ಟಿಪ್ಪು ಸುಲ್ತಾನನು ಶಾರದಾಂಬೆಯ ಪುನಃಪ್ರತಿಷ್ಠೆಗಾಗಿ ನಗದನ್ನೂ ಸಾಮಗ್ರಿಯನ್ನೂ ಒದಗಿಸಬೇಕೆಂದು ಬಿದನೂರಿನ ತನ್ನ ಅಧಿಕಾರಿಗೆ ಆಜ್ಞೆ ಕಳುಹಿದುದೂ, 1916ರಲ್ಲಿ ಮೈಸೂರಿನ ಪ್ರಾಕ್ತನ ಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡುಹಿಡಿದ ಪತ್ರಗಳಿಂದ ಲೋಕಕ್ಕೆ ತಿಳಿದುಬಂತು. ಮಠದ ನಷ್ಟವನ್ನು ತುಂಬಿಕೊಡಲು ಒಬ್ಬ ದೊರೆಯಿದ್ದನು. ಅಡ್ಡಗದ್ದೆಯ ಒಂಟಿ ಮನೆಯ ನಷ್ಟಕ್ಕೆ ಅಂದೂ ದೊರೆಯಿರಲಿಲ್ಲ, ಇಂದೂ ಸರ್ಕಾರವಿಲ್ಲ. ಆ ಮನೆಗೆ ಹಿಂದೆ ರಕ್ಷಣೆಯಾಗಿ ಇದ್ದದ್ದು ಅದರೊಳಗಿನ ಜನ: ಅವಿಭಕ್ತ ಕುಟುಂಬ, ಕೊಟ್ಟಿಗೆಯ ಆಳುಗಳು, ರಾತ್ರಿ ಜಗಲಿಯಲ್ಲಿ ಮಲಗುವ ನಾಲ್ಕಾರು ಗಂಡಸರು. ಈಗ ಮಕ್ಕಳು ಬೆಂಗಳೂರು ಸೇರಿ, ತೋಟದ ನಡುವಿನ ಆ ದೊಡ್ಡ ಮನೆಯಲ್ಲಿ ಇಬ್ಬರು ವೃದ್ಧರು ಉಳಿದಿದ್ದಾರೆ. ಪಕ್ಕದ ಮನೆಯೆಂದರೆ ಗದ್ದೆಯ ಕೋಗು ದಾಟಿ, ಹಳ್ಳ ದಾಟಿ, ಕೂಗಿದರೆ ಕೇಳಿಸದಷ್ಟು ದೂರ. ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟೂ ಇಲ್ಲ, ಮೊಬೈಲಿನ ಸಿಗ್ನಲ್ಲೂ ಇಲ್ಲ.

ಇದಕ್ಕೆ ಎಲ್ಲರೂ ಕೊಡುವ ಉತ್ತರ ಬ್ಯಾಂಕಿನ ಲಾಕರು. ಲಾಕರು ಬೇಡವೆಂದು ವಿವೇಕಿಯಾದವನು ಹೇಳಲಾರನು. ಆದರೆ ಲಾಕರೇ ವಿಮೆಯೆಂದು ನಂಬಿ ಕುಳಿತಿರುವುದು ಭ್ರಮೆ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮಗಳಂತೆ, ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ಬ್ಯಾಂಕಿನ ನೌಕರರ ವಂಚನೆಯಿಂದ ಲಾಕರಿನ ವಸ್ತು ನಷ್ಟವಾದರೆ, ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತವಾದುದು. ವರ್ಷಕ್ಕೆ 2,000 ರೂಪಾಯಿ ಬಾಡಿಗೆ ತೆರುವವನಿಗೆ ದೊರೆಯಬಹುದಾದ ಪರಮಾವಧಿ ಪರಿಹಾರ 2 ಲಕ್ಷ ರೂಪಾಯಿ. ಇಂದಿನ ಬೆಲೆಯಲ್ಲಿ ಅದು ಎರಡು ತೊಲ ಚಿನ್ನಕ್ಕೂ ಸಾಲದು. ಪ್ರವಾಹ, ಭೂಕಂಪ, ಸಿಡಿಲುಗಳಂತಹ ಪ್ರಕೃತಿ ವಿಕೋಪಗಳಿಂದಾದ ನಷ್ಟಕ್ಕೆ, ಬ್ಯಾಂಕಿನ ಅಜಾಗ್ರತೆಯಿಲ್ಲದಿದ್ದ ಪಕ್ಷದಲ್ಲಿ, ಅದೂ ಇಲ್ಲ. ತುಂಗೆಯ ದಡದಲ್ಲಿ ಬಾಳುವವರು ಈ ಮಾತನ್ನು ಎರಡು ಸಲ ಓದತಕ್ಕದ್ದು. ಲಾಕರಿನಲ್ಲಿ ಏನಿದೆಯೆಂಬುದು ಬ್ಯಾಂಕಿಗೆ ತಿಳಿಯದು; ಆದಕಾರಣ ಅದರೊಳಗಿನ ವಸ್ತುವಿಗೆ ಬ್ಯಾಂಕು ವಿಮೆ ಮಾಡಿಸುವುದೂ ಇಲ್ಲ.

ಇಲ್ಲೊಂದು ವೈಚಿತ್ರ್ಯವುಂಟು. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಮೀರಿದ ಚಿನ್ನ ಕಳುವಾಗಿ, ತಿಂಗಳುಗಳ ತರುವಾಯ ಅದರ ಬಹುಭಾಗ ತಮಿಳುನಾಡಿನ ಒಂದು ಬಾವಿಯಲ್ಲಿ ಸಿಕ್ಕಿತು. 2025ರ ಮೇ ತಿಂಗಳಿನಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೋ ಚಿನ್ನ ಹೋಯಿತು. ಎರಡೂ ಕಡೆ ಹೋದದ್ದು ಜನರು ಅಡವಿಟ್ಟ ಚಿನ್ನ. ಅಡವಿಟ್ಟ ಒಡವೆಯ ತೂಕ, ಬೆಲೆ ಬ್ಯಾಂಕಿನ ಪುಸ್ತಕದಲ್ಲಿ ದಾಖಲಾಗಿರುವುದರಿಂದಲೂ ಬ್ಯಾಂಕು ಅದಕ್ಕೆ ಸಾಮಾನ್ಯವಾಗಿ ವಿಮೆ ಮಾಡಿಸಿರುವುದರಿಂದಲೂ, ಸಾಲಗಾರನಿಗೆ ಕೇಳಲು ಒಂದು ಹಕ್ಕು, ತೋರಿಸಲು ಒಂದು ಚೀಟಿ ಇರುತ್ತದೆ. ಅದೇ ಸರ ಅದೇ ಭದ್ರಕೊಠಡಿಯ ಲಾಕರಿನಲ್ಲಿದ್ದಿದ್ದರೆ ಬಾಡಿಗೆಯ ನೂರು ಪಟ್ಟಿಗೆ ತೃಪ್ತಿಪಡಬೇಕಾಗುತ್ತಿತ್ತು. ಸಾಲ ಮಾಡಿದವನ ಚಿನ್ನಕ್ಕೆ ಇರುವ ರಕ್ಷಣೆ ಸಾಲವಿಲ್ಲದವನ ಚಿನ್ನಕ್ಕೆ ಇಲ್ಲ. ಮೇಲಾಗಿ ಒಡವೆ ಲಾಕರಿನಲ್ಲಿ ಇರುವುದು ಯಾರೂ ತೊಡದ ದಿನಗಳಲ್ಲಿ; ಮದುವೆಗೋ ಉಪನಯನಕ್ಕೋ ಅದನ್ನು ಹೊರತೆಗೆದು, ಬಸ್ಸಿನಲ್ಲೋ ಬಾಡಿಗೆ ಜೀಪಿನಲ್ಲೋ ಒಯ್ದು, ನೆಂಟರು ತುಂಬಿದ ಮನೆಯಲ್ಲಿ ನಾಲ್ಕು ದಿನ ಇಟ್ಟುಕೊಳ್ಳುವಾಗಲೇ ಅಪಾಯ ಹೆಚ್ಚು. ಆ ನಾಲ್ಕು ದಿನಗಳಿಗೆ ಲಾಕರು ಏನೂ ಮಾಡಲಾರದು.

ಹಾಗಾದರೆ ವಿಮೆ ಮಾಡಿಸಿದರೆ ನಿಶ್ಚಿಂತರಾಗಬಹುದೇ? ಓದದೆ ಮಾಡಿಸಿದರೆ ಆಗದು. 2021ರ ಏಪ್ರಿಲ್ 1ರಿಂದ ದೇಶದ ಸಾಮಾನ್ಯ ವಿಮಾ ಸಂಸ್ಥೆಗಳೆಲ್ಲ ಮಾರತಕ್ಕ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಬೆಂಕಿ, ಸಿಡಿಲು, ನೆರೆ, ಭೂಕುಸಿತಗಳಿಂದಾಗುವ ನಷ್ಟಕ್ಕೆ ಮನೆಯನ್ನೂ ಸಾಮಾನುಗಳನ್ನೂ ಒಳಗೊಳ್ಳುತ್ತದೆ. ಮಲೆನಾಡಿಗೆ ಇದು ಒಳ್ಳೆಯದೇ. ಆದರೆ ಒಡವೆಗಳನ್ನು ಬೇರೆಯಾಗಿ ಬೆಲೆ ಗೊತ್ತುಪಡಿಸಿ ಸೇರಿಸದ ಹೊರತು ಅವು ಅದರೊಳಗೆ ಬರುವುದಿಲ್ಲ. ಕಳವಂತೂ, ಇಂತಹ ವಿಪತ್ತೊಂದು ಸಂಭವಿಸಿ ಅದರ ಕಾರಣದಿಂದ ಏಳು ದಿನಗಳೊಳಗೆ ನಡೆದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಸುಮ್ಮನೆ ಬಂದ ಕಳ್ಳನಿಂದಾಗುವ ನಷ್ಟಕ್ಕೆ ಬೇರೆಯದೇ ಆದ ಕನ್ನಗಳವಿನ ವಿಮೆ ಬೇಕು. ಕನ್ನಗಳವಿನ ವಿಮೆಯಲ್ಲಿಯೂ ಬಲಪ್ರಯೋಗದಿಂದ ಒಳನುಗ್ಗಿದ ಗುರುತಿರಬೇಕೆಂಬ ಷರತ್ತು ಸಾಮಾನ್ಯ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಅದೇ ಪ್ರಮಾಣವೆಂದು ಸುಪ್ರೀಂ ಕೋರ್ಟು 2004ರಲ್ಲಿ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಹಿತ್ತಿಲ ಬಾಗಿಲಿಗೆ ಅಗುಳಿಯನ್ನೂ ಹಾಕದೆ ಕೊಟ್ಟಿಗೆಗೆ ಹೋಗಿಬರುವ ನಮ್ಮ ಊರುಗಳಲ್ಲಿ ಈ ಷರತ್ತಿನ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ: ಹೆಂಚು ಸರಿಸಿ ಇಳಿದ ಕಳ್ಳನಿಂದಾದ ನಷ್ಟಕ್ಕೆ ಪರಿಹಾರ ಬಂದೀತು, ತೆರೆದ ಬಾಗಿಲಿನಿಂದ ಬಂದವನಿಂದಾದುದಕ್ಕೆ ಬರಲಾರದು.

ಇನ್ನು ಬೆಲೆಯ ಪ್ರಶ್ನೆ. ಹಳೆಯ ಒಡವೆಯನ್ನು ಸಂಘದ ಚಿನ್ನ ಪರೀಕ್ಷಕರ ಮುಂದಿಟ್ಟು ನೋಡಿದವರಿಗೆ ಗೊತ್ತು: ಒರೆಗಲ್ಲಿನ ಮೇಲೆ ಉಜ್ಜಿ, ಆಮ್ಲದ ಹನಿ ಬಿಟ್ಟು, ಒಳಗೆ ತುಂಬಿದ ಅರಗನ್ನೂ ಕೂರಿಸಿದ ಕೆಂಪು ಕಲ್ಲುಗಳನ್ನೂ ಕಳೆದ ಮೇಲೆ, ತಕ್ಕಡಿ ತೋರಿಸಿದ ತೂಕಕ್ಕೂ ನಿಜವಾದ ಚಿನ್ನದ ತೂಕಕ್ಕೂ ಎಷ್ಟು ಅಂತರ ಬೀಳುತ್ತದೆಂಬುದು. ನಿವ್ವಳ ತೂಕ, ಪರಿಶುದ್ಧತೆ, ಎರಡು ಬದಿಯ ಛಾಯಾಚಿತ್ರ, ಹೊಸ ಒಡವೆಯಾದರೆ ಅಂಗಡಿಯ ರಸೀದಿ ಮತ್ತು ಹಾಲ್‌ಮಾರ್ಕಿನ ಆರು ಅಕ್ಷರಾಂಕಗಳ ಗುರುತು—ಇವನ್ನು ಬರೆದಿಟ್ಟ ಒಂದು ಪಟ್ಟಿ ಇಲ್ಲದವನಿಗೆ ವಿಮಾ ಸರ್ವೇಯರೂ ಪೊಲೀಸರೂ ಸಮಾನವಾಗಿ ನಿರುಪಯುಕ್ತರು. ಗೃಹ ರಕ್ಷಾ ಪಾಲಿಸಿಯಲ್ಲಿ ಒಟ್ಟು 5 ಲಕ್ಷ, ಒಂದೊಂದು ವಸ್ತು 1 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಮೌಲ್ಯಮಾಪಕರ ಪ್ರಮಾಣಪತ್ರ ಬೇಕಿಲ್ಲವಾದರೂ, ಈಗಿನ ಬೆಲೆಯಲ್ಲಿ ಆ ಮಿತಿಯೊಳಗೆ ನಿಲ್ಲುವ ಸರಗಳು ವಿರಳ. ಕಂತು ಉಳಿಸಲೆಂದು ಬೆಲೆಯನ್ನು ತಗ್ಗಿಸಿ ಬರೆಸುವವರೂ ಉಂಟು. ಕನ್ನಗಳವಿನ ಪಾಲಿಸಿಗಳಲ್ಲಿ 10 ಲಕ್ಷದ ಒಡವೆಯನ್ನು 5 ಲಕ್ಷವೆಂದು ಬರೆಸಿದವನ ಮನೆಯಿಂದ 4 ಲಕ್ಷದ್ದು ಕಳುವಾದರೆ, ಅರ್ಧಕ್ಕೆ ಮಾತ್ರ ವಿಮೆಯಿತ್ತೆಂಬ ನ್ಯಾಯದಿಂದ ಅವನ ಕೈಗೆ ಬರುವುದು 2 ಲಕ್ಷವೇ.

ಪಟ್ಟಿ ಮಾಡುವುದೆಂದರೆ ಅಂಜುವವರು ಬಹಳ. ಬರೆದು ಕೊಟ್ಟರೆ ಊರಿಗೆಲ್ಲ ತಿಳಿದೀತು, ಆದಾಯ ತೆರಿಗೆಯವರು ಬಂದಾರು ಎಂಬ ಶಂಕೆ. ತೆರಿಗೆ ಮಂಡಲಿಯ 1994ರ ಸೂಚನೆಯೊಂದರಂತೆ ಶೋಧನೆಯ ಕಾಲದಲ್ಲಿಯೂ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷನ 100 ಗ್ರಾಂವರೆಗಿನ ಚಿನ್ನವನ್ನು ಮುಟ್ಟುಗೋಲು ಹಾಕುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಅಥವಾ ಕೃಷಿ ಆದಾಯದಿಂದ ಕೊಂಡ ಚಿನ್ನಕ್ಕೆ ತೆರಿಗೆಯ ಬಾಧೆಯಿಲ್ಲವೆಂದು ಅದೇ ಮಂಡಲಿ 2016ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಅಡಿಕೆಯ ಹಣದಿಂದ ಚಿನ್ನ ಮಾಡಿಸಿದವನು ಅದನ್ನು ಬಚ್ಚಿಡಬೇಕಾದ ಪ್ರಮೇಯವೇ ಇಲ್ಲ. ಅಜ್ಜಿಯ ಸರಕ್ಕೆ ಬೆಲೆ ಕಟ್ಟಲಾದೀತೇ ಎಂದು ಕೇಳುವವರಿಗೆ ಉತ್ತರವಿಷ್ಟೆ: ಸರವನ್ನು ವಿಮೆ ಮರಳಿ ತಂದುಕೊಡಲಾರದು, ಆದರೆ ಆ ಸರವನ್ನು ನಂಬಿಕೊಂಡಿದ್ದ ಶಸ್ತ್ರಚಿಕಿತ್ಸೆ ನಿಲ್ಲದಂತೆ ಮಾಡೀತು.

ಗಂಭೀರವಾದ ಆಕ್ಷೇಪ ಬೇರೊಂದಿದೆ: ಅಡ್ಡಗದ್ದೆ, ಬೇಗಾರು, ಕಿಗ್ಗಗಳ ಒಂಟಿ ಮನೆಗಳನ್ನು ಹುಡುಕಿಕೊಂಡು ಯಾವ ವಿಮಾ ಪ್ರತಿನಿಧಿಯೂ ಬರುವುದಿಲ್ಲ, ಬಂದರೂ ಪಾಲಿಸಿಯ ಭಾಷೆ ಇಂಗ್ಲಿಷು. ಇದು ದಿಟ. ಆದರೆ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಜೀವ ವಿಮೆಯ ಇಲಾಖೆಯನ್ನು 1891ರಲ್ಲಿಯೇ ತೆರೆದ ನಾಡು ಇದು. ಇಲ್ಲಿ ಕೊರತೆ ಇರುವುದು ಬುದ್ಧಿಗಲ್ಲ, ಮಧ್ಯವರ್ತಿಗೆ. ಆ ಮಧ್ಯವರ್ತಿ ನಮ್ಮ ಕೃಷಿ ಪತ್ತಿನ ಸಹಕಾರ ಸಂಘವೇ ಆಗಬಲ್ಲದು. ಚಿನ್ನವನ್ನು ತೂಗುವ ಪರೀಕ್ಷಕ ಅಲ್ಲಿದ್ದಾನೆ, ಸದಸ್ಯರ ಪಟ್ಟಿ ಅಲ್ಲಿದೆ, ಬೆಳೆ ವಿಮೆಯ ಕಂತನ್ನು ಸ್ವೀಕರಿಸಿದ ಅನುಭವವೂ ಇದೆ. ನೂರಾರು ಮನೆಗಳನ್ನು ಒಟ್ಟಿಗೆ ಸೇರಿಸಿ, ಕನ್ನಗಳವಿನ ರಕ್ಷಣೆಯನ್ನೂ ಮದುವೆಯ ಪ್ರಯಾಣದ ದಿನಗಳನ್ನೂ ಒಳಗೊಂಡ ಒಂದು ಗುಂಪು ಪಾಲಿಸಿಯನ್ನು ಸಾರ್ವಜನಿಕ ರಂಗದ ಯಾವುದಾದರೂ ವಿಮಾ ಸಂಸ್ಥೆಯಿಂದ ಕೇಳಿ ಪಡೆಯುವುದು, ಅದರ ಷರತ್ತುಗಳನ್ನು ಕನ್ನಡದಲ್ಲಿ ಎರಡು ಪುಟಗಳಿಗೆ ಮೀರದಂತೆ ಬರೆಯಿಸುವುದು ಸಂಘಕ್ಕೆ ಅಸಾಧ್ಯವಲ್ಲ. ಪರಿಹಾರದಲ್ಲಿ ಅನ್ಯಾಯವಾದರೆ 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಶುಲ್ಕವಿಲ್ಲದೆ ವಿಚಾರಿಸುತ್ತಾರೆಂಬುದನ್ನೂ ಆ ಪುಟಗಳಲ್ಲಿ ಮುದ್ರಿಸಬೇಕು.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ನಡೆಯತಕ್ಕದ್ದೆಂದು ಕಾನೂನು ಹೇಳುತ್ತದೆ. ಲಾಭಾಂಶ ಎಷ್ಟೆಂದು ಕೇಳುವುದರ ಜೊತೆಗೆ ಈ ಸಲ ಸದಸ್ಯರು, ಅದರಲ್ಲಿಯೂ ಸದಸ್ಯೆಯರು, ಎದ್ದು ನಿಂತು ಒಡವೆಗಳ ಗುಂಪು ವಿಮೆಯ ವಿಷಯವನ್ನು ನಡಾವಳಿಯಲ್ಲಿ ಬರೆಯಿಸಲಿ. ಸಭೆಗೆ ಹೊರಡುವ ಮುನ್ನ ತಮ್ಮ ತಮ್ಮ ಮನೆಯ ಒಡವೆಗಳ ಪಟ್ಟಿಯನ್ನು ಬರೆದು ಮುಗಿಸಿರಲಿ.