ಸೂಪರ್‌ಹೀರೋ ಬರಲಿ, ಕೈಯಲ್ಲಿ ತಟ್ಟೆ ಇರಲಿ

ಕರಾವಳಿಯಿಂದ ಘಟ್ಟ ಹತ್ತಿ ಬಂದು ಬೆಳಗಾವಿ, ಖಾನಾಪುರಗಳಲ್ಲಿ ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ಇಟ್ಟುಕೊಂಡಿರುವ ನಮಗೆ ಆಹಾರ ಮೇಳ ಅಂದರೆ ಮುಖ್ಯವಾಗಿ ವ್ಯಾಪಾರದ ದಿನ. ರೋಟರಿಯವರ ‘ಅನ್ನೋತ್ಸವ’ ಬಂತೆಂದರೆ ಜನ ಕುಟುಂಬ ಸಮೇತ ಹೊರಡುತ್ತಾರೆ. ರಮಝಾನ್ ರಾತ್ರಿಗಳಲ್ಲಿ ಖಡೇಬಜಾರ್, ದರ್ಬಾರ್ ಗಲ್ಲಿ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಈಗ ನಮ್ಮ ಓಣಿಯಲ್ಲೂ ಒಂದು ಸಣ್ಣ ಮೇಳದ ಮಾತು ಎದ್ದಿದೆ. ಚಿತ್ರ ಬರೆಯುವ ಕೆಲವು ಹುಡುಗರು ಅಂಗಡಿಗೆ ಬಂದು ಚಹಾ ಕುಡಿಯುತ್ತಾ ಹೇಳಿದರು: “ಸ್ಟಾಲ್ ಹಾಕೂದು ಇದ್ದ ಐತ್ರಿ ಕಾಕಾ. ಈ ಸಲ ಮೇಳಕ್ಕಂತ ಒಂದು ಸೂಪರ್‌ಹೀರೋ ಕಾಮಿಕ್ಸ್ ಮಾಡೂಣ್ರಿ.”

ನಮ್ಮಲ್ಲೇ ಕೆಲವರು ನಕ್ಕರು. “ಇದೆಂತ ಮಕ್ಕಳಾಟ ಮಾರಾಯ್ರೇ, ಬಿರಿಯಾನಿ ಮಾರುವುದಕ್ಕೆ ಹೀರೋ ಯಾಕೆ?” ಎಂದರು. ನಮಗೆ ಹಾಗನ್ನಿಸುವುದಿಲ್ಲ. ಇದು ಮಾಡಲೇಬೇಕಾದ ಕೆಲಸ. ಆದರೆ ಎರಡು ವಿಷಯ ಮೊದಲೇ ತೀರ್ಮಾನವಾಗಬೇಕು. ಹೀರೋ ಎಂಥವನು? ಬರೆಯುವವರಿಗೆ ಸಿಗುವುದೇನು?

ಕಾಮಿಕ್ಸ್ ನಮಗೆ ಪರಕೀಯ ಅಲ್ಲ. 1967ರಲ್ಲಿ ‘ಅಮರ ಚಿತ್ರ ಕಥಾ’ ಶುರು ಮಾಡಿ, 1980ರಲ್ಲಿ ‘ಟಿಂಕಲ್’ ತಂದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಬೆಳಗಾವಿಗೂ ಕುಂಚದ ಬಡತನ ಇಲ್ಲ. 1935ರಲ್ಲಿ ಇಲ್ಲೇ ಹುಟ್ಟಿದ ರವಿ ಪರಾಂಜಪೆ, ಕೆ.ಬಿ. ಕುಲಕರ್ಣಿಯವರ ಕೈಕೆಳಗೆ ಕಲಿತು ಮುಂಬೈಯಲ್ಲಿ ದೊಡ್ಡ ಚಿತ್ರಕಾರರಾದರು. ಹೀಗಿರುವಾಗ ಇಲ್ಲಿಯ ಹುಡುಗರಿಗೆ ಇಪ್ಪತ್ತು ಪುಟದ ಪುಸ್ತಕ ಮಾಡಲು ಆಗುವುದಿಲ್ಲ ಎಂದು ಯಾರೂ ಹೇಳಬೇಕಾಗಿಲ್ಲ.

ಇನ್ನು ಹೀರೋ ವಿಷಯ. ಬೆಳಗಾವಿಯಲ್ಲಿ ವೀರರಿಗೆ ಕೊರತೆ ಇಲ್ಲ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರಲ್ಲಿ ನೇಣಿಗೆ ಹಾಕಿದ್ದು ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ. ಆದರೆ 2021ರ ಡಿಸೆಂಬರ್ ನಮಗೆ ಮರೆತಿಲ್ಲ. ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು, ಅದರ ಬೆನ್ನಿಗೇ ಇಲ್ಲಿ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿಯಾಯಿತು, ಊರಲ್ಲಿ ಕಲ್ಲು ತೂರಾಟವಾಯಿತು. ರಾಯಣ್ಣ, ಶಿವಾಜಿ ಇಬ್ಬರ ನಡುವೆ ಯಾವ ಜಗಳವೂ ಇರಲಿಲ್ಲ. ಜಗಳ ನಮ್ಮ ಕಾಲದ್ದು. ಅಂಥ ದಿನಗಳಲ್ಲಿ ಮೊದಲು ಶಟರ್ ಎಳೆಯಬೇಕಾಗಿ ಬರುವುದು ರಸ್ತೆ ಬದಿಯ ತಿಂಡಿ ಅಂಗಡಿಯವರಿಗೆ. ಕಡಾಯಿಯಲ್ಲಿ ಎಣ್ಣೆ ಕಾದಿರುತ್ತದೆ, ಹಿಟ್ಟು ಕಲಸಿಟ್ಟಿರುತ್ತದೆ, ಅಷ್ಟೂ ನಷ್ಟ. ಹಾಗಾಗಿ ಕತ್ತಿ ಹಿಡಿದ ಇನ್ನೊಬ್ಬ ವೀರನನ್ನು ಆಹಾರ ಮೇಳಕ್ಕೆ ಬರೆಯುವುದು ಬೇಡ. ಅವನು ಯಾವ ಭಾಷೆಯವನು, ಯಾವ ಜಾತಿಯವನು ಎಂಬ ಪ್ರಶ್ನೆ ಮರುದಿನವೇ ಏಳುತ್ತದೆ.

ಜಪಾನಿನಲ್ಲಿ ‘ಆನ್‌ಪಾನ್‌ಮ್ಯಾನ್’ ಎಂಬ ಸೂಪರ್‌ಹೀರೋ ಇದ್ದಾನೆ. ಅವನ ತಲೆ ಅಂದರೆ ಸಿಹಿ ಹೂರಣ ತುಂಬಿದ ಒಂದು ಬನ್ನು! ಹಸಿದವರು ಕಂಡರೆ ತನ್ನ ಮುಖವನ್ನೇ ಮುರಿದು ತಿನ್ನಲು ಕೊಡುತ್ತಾನೆ. ಕೊಟ್ಟ ಮೇಲೆ ಅವನಿಗೆ ಶಕ್ತಿ ಇರುವುದಿಲ್ಲ. ಆಗ ಬೇಕರಿಯ ಮಾಮ ಹೊಸ ಬನ್ನು ಸುಟ್ಟು ಅವನನ್ನು ಮತ್ತೆ ಎಬ್ಬಿಸುತ್ತಾನೆ. ಇದನ್ನು ಬರೆದ ತಕಾಶಿ ಯಾನಾಸೆ ಮಹಾಯುದ್ಧದಲ್ಲಿ ಸೈನಿಕನಾಗಿ ಹಸಿವನ್ನು ಕಂಡವರು. ಯುದ್ಧ ಮುಗಿದಾಗ ನಿನ್ನೆಯ ‘ನ್ಯಾಯ’ ಇವತ್ತು ಅನ್ಯಾಯವಾಗಿ ಕಂಡಿತು. ಹಸಿದವರಿಗೆ ಉಣಿಸುವ ನ್ಯಾಯ ಮಾತ್ರ ಯಾವತ್ತೂ ಬದಲಾಗುವುದಿಲ್ಲ ಎಂದು ಅವರಿಗೆ ಅನ್ನಿಸಿತು. 1973ರಲ್ಲಿ ಮಕ್ಕಳ ಚಿತ್ರಪುಸ್ತಕವಾಗಿ ಬಂದ ಈ ಹೀರೋ ಇವತ್ತಿಗೂ ಜಪಾನಿನ ಪುಟ್ಟ ಮಕ್ಕಳ ಅಚ್ಚುಮೆಚ್ಚು. ಬೇಕರಿ ನಡೆಸುವ ನಮಗೆ ಇದಕ್ಕಿಂತ ಹತ್ತಿರದ ಕಥೆ ಯಾವುದುಂಟು?

ಕಾಮಿಕ್ಸ್‌ನ ಪಾತ್ರ ಬೀದಿಗೂ ಇಳಿಯಬಲ್ಲದು. 2014ರಲ್ಲಿ ಅಮೆರಿಕದ ಮಾರ್ವೆಲ್ ಕಂಪೆನಿ ಕಮಲಾ ಖಾನ್ ಎಂಬ ಮುಸ್ಲಿಂ ಹುಡುಗಿಯನ್ನು ‘ಮಿಸ್ ಮಾರ್ವೆಲ್’ ಮಾಡಿ ಪುಸ್ತಕ ತಂದಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸುಗಳ ಮೇಲೆ ಮುಸ್ಲಿಮರ ವಿರುದ್ಧ ದ್ವೇಷದ ಜಾಹೀರಾತು ಬಂದಾಗ, ಅಲ್ಲಿಯ ಜನ ಅದರ ಮೇಲೆ ಕಮಲಾಳ ಚಿತ್ರ ಅಂಟಿಸಿದರು. ಕಲ್ಲು ಎಸೆಯಲಿಲ್ಲ, ಚಿತ್ರ ಅಂಟಿಸಿದರು.

ನಮ್ಮ ಕಾಮಿಕ್ಸ್‌ಗೆ ಬೇಕಾದ ಸಾಮಾನು ಊರಲ್ಲೇ ಇದೆ. ಬಾವಲಿ ಮನುಷ್ಯ ಬೇಕೆಂದರೆ ‘ಬ್ಯಾಟ್‌ಮ್ಯಾನ್’ನನ್ನು ಸಾಲ ತರಬೇಕಿಲ್ಲ. ಖಾನಾಪುರದ ಭೀಮಗಡ ಕಾಡಿನ ಬಾರಾಪೇಡೆ ಗುಹೆಯಲ್ಲಿರುವ ರಾಟನ್ ಬಾವಲಿ ಜಗತ್ತಿನಲ್ಲೇ ಅಪರೂಪದ್ದು. ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಸರಕಾರಿ ಸಂಸ್ಥೆ ಇದೆ, ಕಾಡಂಚಿನಲ್ಲಿ ಎಮ್ಮೆ ಸಾಕುವ ಗವಳಿಗರಿದ್ದಾರೆ. ಬೆಳಗಾವಿಯಲ್ಲಿ ಹಾಲನ್ನು ಕುದಿಸಿ ಕುದಿಸಿ ಕುಂದಾ ಮಾಡುವವರು, ಕವುಚಿಟ್ಟ ಕಡಾಯಿಯ ಮೇಲೆ ತೆಳ್ಳಗಿನ ಮಾಂಡೆ ಸುಡುವ ಅಕ್ಕಂದಿರು, ಮಿರ್ಚಿ ಭಜಿಯ ಗಾಡಿಯವರು ಇದ್ದಾರೆ. ನಮ್ಮ ಮನೆಗಳಲ್ಲಿ ಪತ್ತಿರ್ ತಟ್ಟುವ ಉಮ್ಮಂದಿರಿದ್ದಾರೆ. ಇವರನ್ನೆಲ್ಲ ಒಂದು ಕಥೆಯಲ್ಲಿ ಕೂರಿಸಿದರೆ ಹೀರೋ ತಾನಾಗಿಯೇ ಹುಟ್ಟುತ್ತಾನೆ. ‘ಹುಟ್ಟುತ್ತಾಳೆ’ ಎಂದರೂ ನಮ್ಮ ತಕರಾರಿಲ್ಲ.

ಭಾಷೆಯ ಮಾತು ಹೇಳದೆ ಬೆಳಗಾವಿಯ ಮಾತು ಮುಗಿಯುವುದಿಲ್ಲ. ಇಲ್ಲಿ ಬೋರ್ಡಿಗೂ ಜಗಳ. ಆದರೆ ಕಾಮಿಕ್ಸ್‌ನಲ್ಲಿ ಪ್ರತಿಯೊಬ್ಬರ ಬಾಯಿಂದಲೂ ಬೇರೆ ಬೇರೆ ಗುಳ್ಳೆ ಹೊರಡುತ್ತದೆ. ಕಥೆ ಕನ್ನಡದಲ್ಲೇ ನಡೆಯಲಿ. ಭಜಿಯವನು ಮರಾಠಿ ಬೆರೆಸಲಿ, ಕಬಾಬಿನವನು ದಖನಿ ಮಾತಾಡಲಿ, ಬೇಕರಿಯ ಹುಡುಗ ಒಂದೆರಡು ಸಾಲು ಬ್ಯಾರಿ ಆಡಲಿ. ಬ್ಯಾರಿ ಭಾಷೆಗೆ 2009ರಲ್ಲೇ ಅಕಾಡಮಿ ಬಂದಿದೆ. ಆದರೂ ಘಟ್ಟದ ಮೇಲೆ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಆಡುವ ಮಾತನ್ನು ಪುಸ್ತಕದಲ್ಲಿ ನೋಡುವುದು ಅಪರೂಪ. ತಮ್ಮ ಭಾಷೆ ಒಂದು ಗುಳ್ಳೆಯಲ್ಲಿ ಕಂಡರೂ ಅವರ ಮುಖ ಅರಳುತ್ತದೆ.

ಕೊನೆಯದಾಗಿ ದುಡ್ಡಿನ ವಿಷಯ. ಬಾಣಲೆಗೆ ಎಣ್ಣೆ ತರಲು ದುಡ್ಡಿದೆ, ಶಾಮಿಯಾನಕ್ಕೆ ಇದೆ, ಧ್ವನಿವರ್ಧಕಕ್ಕೆ ಇದೆ. ಚಿತ್ರ ಬರೆದವನಿಗೆ ಮಾತ್ರ “ನಿಂಗೆ ಹೆಸರು ಬರ್ತದಲ್ವಾ” ಎನ್ನುತ್ತೇವೆ. ಗೋಡೆಗೆ ಬರೆದು ಬದುಕುತ್ತಿದ್ದವರ ಕೆಲಸವನ್ನು ಫ್ಲೆಕ್ಸ್ ಕಿತ್ತುಕೊಂಡಿತು. ಈಗ ಮೊಬೈಲಿನಲ್ಲಿ ಎರಡು ಸಾಲು ಟೈಪ್ ಮಾಡಿದರೆ ಕಂಪ್ಯೂಟರೇ ಪೋಸ್ಟರ್ ಮಾಡಿಕೊಡುತ್ತದೆ, “ಅದೇ ಸಾಕು” ಎನ್ನುವವರೂ ಇದ್ದಾರೆ. ಕಂಪ್ಯೂಟರಿಗೆ ನಮ್ಮ ಓಣಿಯ ತಿರುವು ಗೊತ್ತಿಲ್ಲ, ಭಜಿ ಗಾಡಿಯ ಮುರಿದ ಚಕ್ರ ಗೊತ್ತಿಲ್ಲ. ಆದ್ದರಿಂದ ಸ್ಟಾಲ್ ಹಾಕುವ ಪ್ರತಿಯೊಬ್ಬರೂ ಮೊದಲ ದಿನದ ವ್ಯಾಪಾರದಲ್ಲಿ ಒಂದು ಪಾಲು ಕಲಾವಿದರಿಗೆ ಎತ್ತಿಡೋಣ. ಅವರ ಹೆಸರು ಮುಖಪುಟದಲ್ಲಿರಲಿ, ಜಾಹೀರಾತು ಹಿಂದಿನ ಪುಟಕ್ಕೆ ಹೋಗಲಿ. ಪುಸ್ತಕದ ಬೆಲೆ ಒಂದು ಪ್ಲೇಟ್ ಭಜಿಗಿಂತ ಹೆಚ್ಚಾಗದಿರಲಿ.

ನಮ್ಮ ಬೇಕರಿಗಳ ಹಿಂದಿನ ಕೋಣೆಯಲ್ಲಿ ನಸುಕಿಗೇ ಎದ್ದು ಹಿಟ್ಟು ನಾದುವ ಹುಡುಗರಿದ್ದಾರೆ. ಓದು ಬಿಟ್ಟು ಊರು ಬಿಟ್ಟು ಬಂದವರು. ಇಡೀ ಪೇಟೆ ಇವರ ಕೈಯ ಬ್ರೆಡ್ ತಿನ್ನುತ್ತದೆ, ಮುಖ ನೋಡಿದವರು ಕಡಿಮೆ. ಮೇಳದ ದಿನ ಅಂಥ ಒಬ್ಬ ಹುಡುಗ ಪುಸ್ತಕ ಬಿಡಿಸಿ, ಮೈಯೆಲ್ಲಾ ಹಿಟ್ಟು ಮೆತ್ತಿಕೊಂಡ ಹೀರೋನನ್ನು ಕಂಡು, “ಇವನು ನಮ್ಮ ಹಾಗೇ ಇದ್ದಾನಲ್ಲಾ” ಅಂದರೆ ನಮ್ಮ ದುಡ್ಡು ವಸೂಲಾದ ಹಾಗೆ. ಹುಡುಗರೇ, ಪೆನ್ಸಿಲ್ ಹಿಡಿಯಿರಿ. ಚಹಾದ ಲೆಕ್ಕ ನಮಗೆ ಬಿಡಿ.